ಹನ್ನೆರಡನೆಯ ಚೀಟಿ

ಮಂಗಳವಾರ, ಊಟದ ಬಿಡುವು
ಶೂ ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಎರಡು ದಿನ ಮೂಗು ಕಟ್ಟಿತ್ತು, ಈಗ ಬಿಟ್ಟಿದೆ. ನೀನೂ ಕರ್ತನ ಕೃಪೆಯಿಂದ ಆರೋಗ್ಯವಾಗಿದ್ದೀಯೆಂದು ನಂಬಿ ಈ ಕಾಗದ ಶುರು ಮಾಡುತ್ತಿದ್ದೇನೆ. ಓದುವ ಮೊದಲು ಕುಳಿತುಕೋ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿಬಿಡು.

ಮೊದಲು ಒಂದು ಸುಳ್ಳನ್ನು ವಾಪಸ್ ತೆಗೆದುಕೊಳ್ಳಬೇಕು. ಮೂರು ವಾರದ ಹಿಂದೆ ನಿನಗೆ ಕಾರ್ಡು ಬರೆದು, ನಿನ್ನ ಕಾಗದದ ಎರಡನೆಯ ಹಾಳೆ ಮಳೆಯಲ್ಲಿ ನೆನೆದು ಒಂದಕ್ಷರವೂ ಓದಲಾಗಲಿಲ್ಲ ಎಂದಿದ್ದೆನಲ್ಲ, ಆ ಹಾಳೆ ನೆನೆದಿರಲಿಲ್ಲ. ಆ ವಾರ ಇಲ್ಲಿ ಮಳೆಯೇ ಬಂದಿರಲಿಲ್ಲ. ನಾನು ಅದನ್ನು ಏಳು ಸಲ ಓದಿದೆ. ಗಡಿಯಾರ ರಿಪೇರಿಯವರು ನಿನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ, ನಿನಗೂ ಇಷ್ಟವಿದೆ, ಆದರೆ ನಾನು ಹೂಂ ಅನ್ನುವವರೆಗೆ ಅವರಿಗೆ ಉತ್ತರ ಕೊಡುವುದಿಲ್ಲ ಎಂದು ನೀನು ಬರೆದಿದ್ದೆ. ಈ ತಿಂಗಳ ಕೊನೆಯೊಳಗೆ ನಿನ್ನ ಮಾತು ಸಿಗದಿದ್ದರೆ ಅವರು ಅಂಗಡಿ ಮುಚ್ಚಿ ತಂಗಿಯ ಊರಿಗೆ ಹೊರಟುಹೋಗುತ್ತಾರೆ ಎಂದೂ ಬರೆದಿದ್ದೆ. ಹಾಳೆ ಮಡಚಿ ಖಾಲಿ ಶೂ ಡಬ್ಬಿಯಲ್ಲಿಟ್ಟು, ಮೇಲೆ ಇನ್ನೊಂದು ಡಬ್ಬಿ ಇಟ್ಟೆ. ಆಮೇಲೆ ಯಾವ ಡಬ್ಬಿ ಎಂದು ಮರೆತು ಇಪ್ಪತ್ತಾರು ಡಬ್ಬಿ ಇಳಿಸಿ ಹುಡುಕಿದೆ.

ನನಗೆ ಸಿಟ್ಟು ಬಂದಿತ್ತೇ ಎಂದು ಕೇಳಿದರೆ ಗೊತ್ತಿಲ್ಲ. ಅವರನ್ನು ನಾನು ಸರಿಯಾಗಿ ನೋಡಿಯೂ ಇಲ್ಲ. ತಮ್ಮ ಅಂಗಡಿಯ ಗಾಜಿನ ಹಿಂದೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿರುವುದನ್ನು ಕಂಡಿದ್ದೇನೆ, ಹಾಗಾಗಿ ಅವರ ಒಂದು ಕಣ್ಣು ದೊಡ್ಡದು ಎಂದೇ ಮನಸ್ಸಿನಲ್ಲಿದೆ. ನಮ್ಮ ಗೋಡೆ ಗಡಿಯಾರ ನಾನು ಹುಟ್ಟಿದಾಗಿನಿಂದ ಹತ್ತು ನಿಮಿಷ ಹಿಂದೆ ಇದೆ. ಅಪ್ಪ ಅದನ್ನು ಸರಿ ಮಾಡಲು ಹೋಗಲಿಲ್ಲ. ನಾವೇ ಹತ್ತು ನಿಮಿಷ ಕೂಡಿಸಿಕೊಂಡು ಬದುಕಿದೆವು. ಅಂಥ ಗಡಿಯಾರಕ್ಕೆ ಒಂದೇ ವಾರದಲ್ಲಿ ನಾಲ್ಕು ಸಲ ರಿಪೇರಿ ಎಂದು ನೀನು ಬರೆದಾಗಲೇ ನನಗೆ ಹೊಳೆಯಬೇಕಿತ್ತು. ನಾಲ್ಕು ಸಲ ಬಂದರೂ ಸರಿಹೋಗದ ಗಡಿಯಾರವನ್ನು ಜನ ಎಸೆಯುತ್ತಾರೆ ಇಲ್ಲವೇ ರಿಪೇರಿಯವರನ್ನು ಬದಲಾಯಿಸುತ್ತಾರೆ. ನೀನು ಎರಡೂ ಮಾಡಲಿಲ್ಲ.

ಈಗ ಈ ಮೂರು ವಾರ ಏನಾಯಿತೆಂದು ಹೇಳುತ್ತೇನೆ. ಎಲ್ಲವೂ ನನ್ನಿಂದಲೇ ಆಯಿತು, ಆದರೆ ಯಾವುದನ್ನೂ ನಾನು ಮಾಡಲಿಲ್ಲ. ಹೇಗೆಂದು ನೀನೇ ನೋಡು.

ನಮ್ಮ ಚರ್ಚಿನ ಬಾಗಿಲ ಬಳಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ, ಮುಚ್ಚಳದಲ್ಲಿ ಸೀಳು ಮಾಡಿದ್ದಾರೆ. ಪ್ರಾರ್ಥನೆ ಬೇಕಾದವರು ಹೆಸರಿಲ್ಲದೆ ಚೀಟಿ ಬರೆದು ಹಾಕುತ್ತಾರೆ. ಭಾನುವಾರ ಪಾಸ್ಟರು ಒಂದೊಂದಾಗಿ ಓದುತ್ತಾರೆ, ಸಭೆಯವರೆಲ್ಲ ಸೇರಿ ಪ್ರಾರ್ಥಿಸುತ್ತಾರೆ. ಪಾಸ್ಟರಿಗೆ ಕಣ್ಣಿನಲ್ಲಿ ಪೊರೆ. ಅದಕ್ಕೆ ಶನಿವಾರ ಮಧ್ಯಾಹ್ನ ಪಾಸ್ಟರಮ್ಮ ಚೀಟಿಗಳನ್ನು ಎಣಿಸಿ ನನ್ನ ಮುಂದಿಡುತ್ತಾರೆ, ನಾನು ಅವನ್ನು ಹೆಬ್ಬೆರಳ ಉಗುರಿನಷ್ಟು ದೊಡ್ಡ ಅಕ್ಷರದಲ್ಲಿ ಬೇರೆ ಕಾಗದಕ್ಕೆ ಇಳಿಸಿಕೊಡುತ್ತೇನೆ. ಬಾಯಿ ತೆರೆಯದವಳಿಗೆ ಇದಕ್ಕಿಂತ ಒಳ್ಳೆ ಸೇವೆ ಎಲ್ಲಿ ಸಿಗುತ್ತೆ, ಕೂತು ಬರಿ ಅಂತ ಅವರೇ ನನ್ನನ್ನು ಕೂರಿಸಿದ್ದು.

ಆ ಶನಿವಾರ ಹನ್ನೊಂದು ಚೀಟಿ ಇದ್ದವು. ಮೊಣಕಾಲು ನೋವಿನವು ನಾಲ್ಕು, ಪರೀಕ್ಷೆಯವು ಮೂರು, ಕೆಲಸ ಹುಡುಕುವವರದು ಎರಡು, ಕಳೆದುಹೋದ ಬೆಕ್ಕಿನದು ಒಂದು, ಆ ಬೆಕ್ಕು ವಾಪಸ್ ಬರದಿರಲಿ ಎಂದು ಪಕ್ಕದ ಮನೆಯವರದು ಒಂದು. ಹನ್ನೊಂದನ್ನೂ ಇಳಿಸಿದ ಮೇಲೆ ಒಂದು ಕಾಗದ ಮಿಕ್ಕಿತ್ತು. ಬರೆದರೆ ಎದೆ ಹಗುರಾದೀತು, ಆಮೇಲೆ ಹರಿದುಹಾಕಿದರಾಯಿತು ಎಂದುಕೊಂಡು ನಿನ್ನ ವಿಷಯವನ್ನೂ ಅದೇ ದೊಡ್ಡ ಅಕ್ಷರದಲ್ಲಿ ಬರೆದೆ. ಅಷ್ಟರಲ್ಲಿ ಪಾಸ್ಟರಮ್ಮ ಒಳಗಿನಿಂದ, ಚಹಾ ಆರಿಹೋಗ್ತಿದೆ, ಬಾರೇ ಅಂತ ಕೂಗಿದರು. ನಾನು ಗಡಿಬಿಡಿಯಲ್ಲಿ ಎಲ್ಲವನ್ನೂ ಒಟ್ಟು ಮಾಡಿ ಗುಂಡುಸೂಜಿ ಚುಚ್ಚಿ ಅವರ ಕೈಗಿಟ್ಟೆ. ಚಹಾ ಕುಡಿದೆ. ಎರಡು ಬಿಸ್ಕತ್ತೂ ತಿಂದೆ. ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ನೆನಪಾಯಿತು.

ವಾಪಸ್ ಹೋಗಿ ಕೇಳಬಹುದಿತ್ತು. ಆದರೆ ಯಾವ ಚೀಟಿ ಎಂದು ಹೇಳಬೇಕಲ್ಲ. ಹೇಳಿದರೆ ನನ್ನದೆಂದು ಗೊತ್ತಾಗುತ್ತದೆ, ಹೇಳದಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಅವರ ಮೆಟ್ಟಿಲವರೆಗೂ ಹೋಗಿ ಎರಡು ಸಲ ಹಿಂತಿರುಗಿದೆ. ಮೂರನೆಯ ಸಲ ಪಾಸ್ಟರಮ್ಮ ಕಿಟಕಿಯಿಂದ, ಏನೇ ಅದು, ವ್ಯಾಯಾಮನಾ ಅಂದರು. ಹೌದು ಅಂದೆ.

ಭಾನುವಾರ ಪಾಸ್ಟರು ಹನ್ನೊಂದನ್ನು ಓದಿ ಮುಗಿಸಿ, ಹನ್ನೆರಡನೆಯದನ್ನು ಕಣ್ಣಿನ ಹತ್ತಿರ ಹಿಡಿದರು. ಅವರಿಗೆ ಓದಲು ತುಂಬ ಹೊತ್ತು ಹಿಡಿಯಿತು. ಕೊನೆಗೆ ಅವರು ಓದಿದ್ದು ಇಷ್ಟು: ಐವತ್ತೆರಡು ವರ್ಷದ ಒಬ್ಬ ಹೆಂಗಸಿಗೆ ಮದುವೆಯ ಮಾತು ಬಂದಿದೆ, ಕರ್ತನೇ, ಆಕೆಗೆ ದಾರಿ ತೋರಿಸು.

ನನಗೆ ಬೆಂಚಿನ ಕೆಳಗೆ ಹೋಗುವುದೊಂದು ಬಾಕಿ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ ಎಂದರು ಪಾಸ್ಟರು. ನಾನು ಸ್ವಲ್ಪ ತೆರೆದು ನೋಡಿದೆ. ಅಮ್ಮ, ಇಡೀ ಸಭೆಯೇ ಕಣ್ಣು ತೆರೆದಿತ್ತು. ಯಾರಿಗೆ ಐವತ್ತೆರಡು ಎಂದು ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದರು. ನನಗೆ ಆರು ವರ್ಷವಿದ್ದಾಗ ಪ್ರಾರ್ಥನೆಯ ನಡುವೆ ಕಣ್ಣು ತೆರೆದು ಸಿಕ್ಕಿಬಿದ್ದದ್ದು ನಿನಗೆ ನೆನಪಿದೆಯಾ? ನೀನು ಹುಬ್ಬು ಗಂಟಿಕ್ಕಿದೆ, ನಾನೂ ನಿನ್ನನ್ನೇ ನೋಡುತ್ತಿದ್ದೆ. ಆಗ ನಿನಗೆ ನಗು ಬಂದು ಕೆಮ್ಮಿದ ಹಾಗೆ ಮಾಡಿದೆ. ಕಣ್ಣು ತೆರೆದವಳನ್ನು ಹಿಡಿಯಬೇಕಾದರೆ ಹಿಡಿಯುವವಳೂ ಕಣ್ಣು ತೆರೆದಿರಬೇಕು ಎಂದು ನಾನು ಆರನೆಯ ವಯಸ್ಸಿನಲ್ಲಿ ಕಲಿತೆ. ಅದು ನನಗೆ ಇಷ್ಟು ವರ್ಷ ಉಪಯೋಗಕ್ಕೆ ಬಂದಿರಲಿಲ್ಲ.

ಲೆಕ್ಕ ಹಾಕಿ ಹಾಕಿ ಕೊನೆಗೆ ಸಭೆಯ ಕಣ್ಣೆಲ್ಲ ಹಾರ್ಮೋನಿಯಂ ಟೀಚರ ಮೇಲೆ ನಿಂತಿತು. ಅವರು ಮದುವೆಯಾಗಿಲ್ಲ, ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ, ಚರ್ಚಿನಲ್ಲಿ ಮೂವತ್ತು ವರ್ಷದಿಂದ ಹಾಡುಗಳಿಗೆ ಬಾರಿಸುತ್ತಾರೆ, ಮತ್ತು ಅವರಿಗೆ ಸರಿಯಾಗಿ ಐವತ್ತೆರಡು. ಮುಂದಿನ ಭಾನುವಾರದ ಹೊತ್ತಿಗೆ ಬೇಕರಿಯವರು, ಅದೇ ಮೂಲೆಯ ಬೆಂಚಿನಲ್ಲಿ ಒಬ್ಬರೇ ಕೂರುವವರು, ಕೂದಲಿಗೆ ಎಣ್ಣೆ ಹಚ್ಚಿ ಬೈತಲೆ ತೆಗೆದುಕೊಂಡು ಎರಡನೆಯ ಸಾಲಿಗೆ ಬಂದರು. ಅಲ್ಲಿಂದ ಹಾರ್ಮೋನಿಯಂ ಚೆನ್ನಾಗಿ ಕಾಣುತ್ತದೆ.

ಭಾನುವಾರದ ಶಾಲೆಯಲ್ಲಿ ನಾನು ಚಿಕ್ಕ ಮಕ್ಕಳಿಗೆ ಬಣ್ಣದ ಕಡ್ಡಿ ಹಂಚುತ್ತೇನೆ. ಅಲ್ಲೂ ಇದೇ ಮಾತು. ಪಾಸ್ಟರಮ್ಮ ಮಕ್ಕಳಿಗೆ, ನೀವೂ ಆ ಆಂಟಿಗಾಗಿ ಪ್ರಾರ್ಥನೆ ಮಾಡಿ ಅಂದರು. ಆರು ವರ್ಷದ ಒಬ್ಬಳು, ಮುಂದಿನ ಎರಡು ಹಲ್ಲಿಲ್ಲದವಳು, ಎದ್ದು ನಿಂತು, ದೇವರೇ, ಅವರಿಗೆ ಬೇಗ ಐವತ್ತಮೂರು ಮಾಡಿಬಿಡಪ್ಪಾ, ಆಗ ಈ ತೊಂದರೆ ಇರಲ್ಲ ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನೂ ಹೆಚ್ಚುಕಡಿಮೆ ಅದನ್ನೇ ಕಾಯುತ್ತಿದ್ದೆ. ತಿಂಗಳು ಮುಗಿದರೆ ಅವರು ಹೊರಟುಹೋಗುತ್ತಾರೆ, ನಾನು ಏನೂ ಹೇಳಬೇಕಾಗಿಲ್ಲ ಎಂದು.

ನನ್ನ ಗೊಂದಲ ಏನೆಂದರೆ, ದೇವರು ನನ್ನ ಮಾತು ಕೇಳಿದನೋ, ಬೇರೆಯವರದನ್ನು ಕೇಳಿದನೋ? ನಾನು ನಿನ್ನ ವಿಷಯ ಬರೆದೆ, ಬೇಕರಿಯವರ ಕೇಕು ಟೀಚರ ಮನೆಗೆ ಹೋಯಿತು. ಅಂಚೆಯವರು ಪಕ್ಕದ ಮನೆಗೆ ಕಾಗದ ಹಾಕಿದ ಹಾಗೆ. ನನ್ನ ಪ್ರಾರ್ಥನೆಗಳಿಗೆ ಹೀಗಾಗುವುದು ಇದೇ ಮೊದಲಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಲೆಕ್ಕದ ಪರೀಕ್ಷೆ ಮುಂದಕ್ಕೆ ಹೋಗಲಿ ಎಂದು ಒಂದು ವಾರ ಮೊಣಕಾಲೂರಿದೆ. ಮುಂದಕ್ಕೆ ಹೋಯಿತು, ಚರ್ಚಿನಿಂದ ನದಿಗೆ ಕರೆದುಕೊಂಡು ಹೋಗುವ ದಿನಕ್ಕೇ ಹೋಯಿತು. ಬೇಡುವಾಗ ತಾರೀಕು ಸರಿಯಾಗಿ ಹೇಳಬೇಕು ಎಂದು ಆಗ ಕಲಿತೆ. ಈ ಸಲ ವಿಳಾಸ ಬಿಟ್ಟುಹೋಗಿತ್ತು.

ನಮ್ಮ ಅಂಗಡಿಯ ಮೇಸ್ತ್ರಿ ಇದನ್ನೆಲ್ಲ ನೋಡುತ್ತಲೇ ಇದ್ದರು. ಎಪ್ಪತ್ತೊಂದು ವರ್ಷ, ಆದರೂ ಅಂಗಡಿಯಲ್ಲಿ ಮೊಳೆ ಬಿದ್ದರೆ ಯಾವ ಸೈಜಿನದೆಂದು ಸದ್ದಿನಲ್ಲೇ ಹೇಳುತ್ತಾರೆ. ಒಂದು ದಿನ, ಏನೇ ಎಡಗಾಲು, ಎರಡು ವಾರದಿಂದ ಮೊಳೆ ಬಿಟ್ಟು ಬೆರಳಿಗೇ ಹೊಡ್ಕೋತಿದೀಯಲ್ಲ ಅಂದರು. (ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದು ನಾನು ಮಾಡಿದ ಮೊದಲ ಜೊತೆಯ ಎರಡು ಶೂಗಳೂ ಎಡಗಾಲಿನವು ಎಂದು ನಿನಗೆ ಬರೆದಿರಲಿಲ್ಲ. ಈಗ ಬರೆದಿದ್ದೇನೆ. ಅವು ಇನ್ನೂ ಕಿಟಕಿಯಲ್ಲಿವೆ, ಹೆಸರು ನನಗೆ ಅಂಟಿದೆ.) ನಾನು ಏನಿಲ್ಲ ಅಂದೆ. ಅವರು ಒತ್ತಾಯಿಸಲಿಲ್ಲ, ಚರ್ಮ ಎಳೆಯುತ್ತಾ ತಮ್ಮ ಪಾಡಿಗೆ ಮಾತಾಡಿದರು. ಇಪ್ಪತ್ತರಲ್ಲಿ ಜನ ಶೂ ಚೆಂದ ಇದೆಯಾ ನೋಡ್ತಾರೆ, ನಲವತ್ತರಲ್ಲಿ ಬಾಳಿಕೆ ಬರುತ್ತಾ ನೋಡ್ತಾರೆ, ಅರವತ್ತಾದ ಮೇಲೆ ಬಗ್ಗದೆ ಹಾಕ್ಕೋಬಹುದಾ ಅಷ್ಟೇ ನೋಡ್ತಾರೆ. ಆದ್ರೆ ಯಾವ ವಯಸ್ಸಿನವರೇ ಆಗ್ಲಿ, ಬೆಳಗ್ಗೆ ಬಂದು ಅಳತೆ ಕೊಡ್ತಾರೆ, ಸಂಜೆ ಕಚ್ಚುತ್ತೆ ಅಂತ ನನ್ನನ್ನ ಬೈತಾರೆ. ಸಂಜೆ ಕಾಲು ಊದಿರುತ್ತೆ ಕಣೇ. ಮನುಷ್ಯನ ನಿಜವಾದ ಅಳತೆ ಸಂಜೇನೇ ಸಿಗೋದು ಅಂದರು. ಅದು ಕಾಲಿನ ವಿಷಯವೋ ಬೇರೆ ವಿಷಯವೋ ನನಗೆ ತಿಳಿಯಲಿಲ್ಲ. ಕೇಳಿದ್ದರೆ ಕಾಲಿನ ವಿಷಯ ಎಂದೇ ಹೇಳುತ್ತಿದ್ದರು.

ಕಳೆದ ಗುರುವಾರ ಸಂಜೆ ಹಾರ್ಮೋನಿಯಂ ಟೀಚರು ಅಂಗಡಿಗೆ ಬಂದರು. ಹೊಸ ಶೂ ಬೇಕು, ಎರಡು ಬೆರಳು ಎತ್ತರದ ಹಿಮ್ಮಡಿ ಇರಲಿ ಅಂದರು. ಮೂವತ್ತು ವರ್ಷದಿಂದ ಅವರು ಹಾಕಿದ್ದು ಚಪ್ಪಟೆ ಶೂ, ಕಪ್ಪು, ಲೇಸಿನದು. ನಾನು ನೆಲದ ಮೇಲೆ ಕಾಗದ ಹಾಸಿ ಅವರ ಪಾದ ಇರಿಸಿ ಪೆನ್ಸಿಲು ಎಳೆಯತೊಡಗಿದೆ. ಕಾಲಿನ ಅಳತೆ ತೆಗೆಯುವಾಗ ನಾವು ಗಿರಾಕಿಯ ಮುಖ ನೋಡುವುದಿಲ್ಲ, ಅವರಿಗೆ ನಮ್ಮ ನೆತ್ತಿ ಮಾತ್ರ ಕಾಣುತ್ತದೆ. ಅದಕ್ಕೇ ಇರಬೇಕು, ಆಗ ಜನ ಒಳಗಿದ್ದದ್ದನ್ನು ಹೇಳಿಬಿಡುತ್ತಾರೆ.

ನೋಡಮ್ಮಾ, ಆ ಚರ್ಚಲ್ಲಿ ನಡೆದ ಮದುವೆಗೆಲ್ಲ ನಾನೇ ಬಾರಿಸಿದ್ದು, ಒಬ್ಬರಾದ್ರೂ ತಿರುಗಿ ನೋಡಿದ್ರಾ ಅಂದರು. ಈಗ ನೋಡು, ಮದುವೆ ಮಾತೂ ಇಲ್ಲ, ಗಂಡೂ ಇಲ್ಲ, ಸಭೆಯವರೆಲ್ಲ ಸೇರಿ ನನಗೆ ದಾರಿ ತೋರಿಸು ಅಂತ ದೇವರ ಪ್ರಾಣ ತಿಂತಿದಾರೆ. ಮೊದಲನೇ ವಾರ ಕೋಪ ಬಂತು. ಎರಡನೇ ವಾರ ಬೇಕರಿಯವರು ಕೇಕ್ ತಂದ್ರು, ಕೋಪದಲ್ಲೇ ತಿಂದೆ. ಚೆನ್ನಾಗಿತ್ತು. ಎರಡನೇ ಕೇಕ್ ಅವರು ತರೋದು ಒಂದು ದಿನ ತಡವಾಯ್ತು, ಅದಕ್ಕೂ ಕೋಪ ಬಂತು. ಆಗ ನನಗೇ ಅನುಮಾನ ಬಂತು ನೋಡು ಅಂದರು.

ನಾನು ತಲೆ ಎತ್ತಲಿಲ್ಲ. ಅವರು ಇನ್ನೊಂದು ಕಾಲನ್ನು ಕಾಗದದ ಮೇಲಿಟ್ಟು ಮತ್ತೆ ಶುರು ಮಾಡಿದರು. ಆ ಚೀಟಿ ಬರೆದದ್ದು ಐವತ್ತೆರಡು ವರ್ಷದವಳಲ್ಲ ಕಣಮ್ಮಾ. ಐವತ್ತೆರಡಾದವಳು ಯಾವಳೂ ಚೀಟೀಲಿ ವಯಸ್ಸು ಬರೆಯಲ್ಲ, ದೇವರಿಗೂ ನಲವತ್ತೆಂಟು ಅಂತಲೇ ಹೇಳೋದು. ಅದನ್ನ ಬರೆದೋರು ಯಾರೋ ಚಿಕ್ಕವರು. ಆಕೆ ತನ್ನನ್ನ ಬಿಟ್ಟು ಹೋಗ್ತಾಳೆ ಅಂತ ಹೆದರಿಕೊಂಡೋರು ಅಂದರು.

ಆ ಹೊತ್ತಿಗೆ ನಾನು ಅವರ ಕಿರುಬೆರಳ ಸುತ್ತ ಎರಡು ಸಲ ಗೆರೆ ಎಳೆದಿದ್ದೆ. ಕಾಗದದಲ್ಲಿ ಅವರಿಗೆ ಆರು ಬೆರಳಾಗಿತ್ತು. ಇನ್ನೊಂದು ಕಾಗದ ತರುತ್ತೇನೆಂದು ಹಿಂದಿನ ಕೋಣೆಗೆ ಬಂದೆ.

ಈ ಕೋಣೆಯ ಗೋಡೆಯಲ್ಲಿ ಮರದ ಕಾಲುಗಳು ತೂಗಾಡುತ್ತವೆ, ನಿನಗೆ ಗೊತ್ತು. ಹಳೆಯ ಗಿರಾಕಿಗಳ ಅಳತೆಗೆ ಕೆತ್ತಿಟ್ಟವು. ಅವನ್ನೇ ಒಳಗಿಟ್ಟು ಶೂ ಹೊಲಿಯುವುದು. ಕಿಟಕಿಯ ಪಕ್ಕದ ಮೊಳೆಯಲ್ಲಿ ಅಪ್ಪನ ಒಂದು ಜೊತೆ ಇದೆ. ತನ್ನ ಕಾಲಿನ ಅಳತೆಗೆ ಅವನೇ ಕೆತ್ತಿಕೊಂಡದ್ದು. ಅವನು ತೀರಿಹೋಗಿ ಆರು ವರ್ಷವಾದರೂ ಮೇಸ್ತ್ರಿ ಅದನ್ನು ತೆಗೆದಿಲ್ಲ. ನಾನು ಅದರ ಮುಂದೆ ನಿಂತೆ. ಅಪ್ಪ ಇಲ್ಲಿ ಕೆಲಸ ಮಾಡುವಾಗ ವಾರಕ್ಕೊಂದು ಸಲ, ಶನಿವಾರ, ನಿನ್ನ ಹತ್ತಿರ ಬರುತ್ತಿದ್ದ. ನಾನು ವರ್ಷಕ್ಕೆ ಎರಡು ಸಲ ಬರುತ್ತೇನೆ. ಈ ಮನುಷ್ಯ ಒಂದೇ ವಾರದಲ್ಲಿ ನಾಲ್ಕು ಸಲ ಬಂದಿದ್ದಾರೆ. ನೀನು ನನ್ನನ್ನು ಬಿಟ್ಟು ಹೋಗುತ್ತೀಯೆಂದು ನಾನು ಹೆದರಿಕೊಂಡು ಕುಳಿತಿದ್ದೆ. ಆದರೆ ಮೊದಲು ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದವಳು ನಾನು. ಆಗ ನಿನ್ನನ್ನು ಕೇಳಲೂ ಇಲ್ಲ, ಕೆಲಸ ಸಿಕ್ಕಿದೆ ಎಂದೆ, ನೀನು ನನ್ನ ರವಿಕೆಯ ಗುಂಡಿ ಗಟ್ಟಿ ಮಾಡಿ ಕಳುಹಿಸಿದೆ. ಆಗ ನೀನು ಯಾವ ಡಬ್ಬಿಗೆ ಚೀಟಿ ಹಾಕಿದೆಯೋ ನನಗೆ ಗೊತ್ತಿಲ್ಲ.

ಅಮ್ಮ, ನನ್ನ ಉತ್ತರ ಹೂಂ. ತಿಂಗಳ ಕೊನೆಗೆ ಇನ್ನೂ ಎಂಟು ದಿನವಿದೆ, ಈ ಕಾಗದ ಮೂರು ದಿನದಲ್ಲಿ ತಲುಪುತ್ತದೆ. ತಲುಪಿದ ಕೂಡಲೇ ಅವರ ಅಂಗಡಿಗೆ ಹೋಗಿ ಹೇಳು. ಗಡಿಯಾರ ಕೆಟ್ಟಿದೆ ಎಂದು ನೆಪ ಹೇಳಬೇಡ, ನೇರವಾಗಿ ಹೇಳು.

ಹೂಂ ಅಂದ ಮಾತ್ರಕ್ಕೆ ನನ್ನ ಗೊಂದಲ ಹೋಯಿತೆಂದು ತಿಳಿಯಬೇಡ. ಅವರನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ಅಪ್ಪನ ಕುರ್ಚಿಯಲ್ಲಿ ಅವರು ಕೂತರೆ ನಾನು ಏನು ಮಾಡುತ್ತೇನೋ ಗೊತ್ತಿಲ್ಲ, ಬಹುಶಃ ಅಡುಗೆಮನೆಗೆ ಹೋಗಿ ಲೋಟ ತೊಳೆಯುತ್ತೇನೆ. ಗಡಿಯಾರ ನಿಜವಾಗಿ ಸರಿಹೋದರೆ ನನ್ನನ್ನು ಹತ್ತು ನಿಮಿಷ ಕೂಡಿಸುವ ಅಭ್ಯಾಸ ಬಿಡುವುದಿಲ್ಲ, ಪ್ರತಿ ಸಲ ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಲ್ಲಬೇಕಾಗುತ್ತದೆ. ಅದನ್ನು ಐದು ನಿಮಿಷವಾದರೂ ಹಿಂದೆ ಇಡಲು ಅವರಿಗೆ ಹೇಳಿ ನೋಡು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ಕಲಿತದ್ದು ಇಷ್ಟೇ, ಗೊಂದಲ ಪೂರ್ತಿ ಹೋಗಲಿ ಎಂದು ಕಾದರೆ ತಿಂಗಳು ಮುಗಿದುಹೋಗುತ್ತದೆ.

ನಿನ್ನ ಮದುವೆಗೆ ಅವರಿಗೆ ಶೂ ನಾನು ಮಾಡುತ್ತೇನೆ. ಇವತ್ತು ಬೆಳಗ್ಗೆ ಮೇಸ್ತ್ರಿಗೆ ಎಲ್ಲ ಹೇಳಿದೆ. ಅವರು ಹೋಗಿ ಅಪ್ಪನ ಮರದ ಕಾಲು ಇಳಿಸಿ ಧೂಳು ಒರೆಸಿ, ಇದಕ್ಕೇ ಚರ್ಮದ ತುಂಡು ಅಂಟಿಸಿ ಆ ಯಪ್ಪನ ಅಳತೆಗೆ ತಂದ್ರಾಯ್ತು ಅಂದರು. ನನ್ನ ಮುಖ ನೋಡಿ, ಅಂಟಿಸಿದ್ದನ್ನ ಆಮೇಲೆ ಕೀಳಬಹುದು ಕಣೇ, ಒಳಗಿರೋ ಕಾಲು ಇದ್ದ ಹಾಗೇ ಇರುತ್ತೆ, ಎಷ್ಟು ಸಲ ಮಾಡಿಲ್ಲ ನಾವು ಅಂದರು. ನಾನು ಯೋಚಿಸಿದ್ದು ಹೀಗೆ. ಅವರ ಕಾಲು ಅಪ್ಪನದಕ್ಕಿಂತ ದೊಡ್ಡದಿದ್ದರೆ ಅಂಟಿಸುತ್ತೇನೆ. ಚಿಕ್ಕದಿದ್ದರೆ ಬೇರೆ ಮರ ತೆಗೆದುಕೊಳ್ಳುತ್ತೇನೆ, ಅಪ್ಪನದನ್ನು ಕೆತ್ತುವುದಿಲ್ಲ. ಆದ್ದರಿಂದ ಅವರ ಅಳತೆ ಬೇಕು. ಉದ್ದ, ಬೆರಳ ಬುಡದ ಸುತ್ತಳತೆ, ಪಾದದ ಮೇಲ್ಭಾಗದ ಸುತ್ತಳತೆ, ಎರಡೂ ಕಾಲಿನದು. ನಿಂತಿರುವಾಗ ತೆಗೆ. ಸಂಜೆ ತೆಗೆ. ನೀನು ಬಗ್ಗಿ ಅಳೆಯುವಾಗ ಅವರು ಏನಾದರೂ ಹೇಳಿದರೆ ತಲೆ ಎತ್ತದೆ ಕೇಳಿಸಿಕೋ.

ಬಿಡುವು ಮುಗಿಯಿತು, ಮೇಸ್ತ್ರಿ ಸುತ್ತಿಗೆಯಿಂದ ಬಾಗಿಲು ತಟ್ಟುತ್ತಿದ್ದಾರೆ. ಗಡಿಯಾರದವರಿಗೆ ನನ್ನ ನಮಸ್ಕಾರ ಹೇಳು. ಅವರ ಎರಡೂ ಕಣ್ಣು ಒಂದೇ ಅಳತೆಯವೋ ನೋಡಿ ಬರೆ.

ನಿನ್ನ ಮಗಳು,
ಎಡಗಾಲು

ಮರೆತದ್ದಲ್ಲ, ಉಳಿಸಿಕೊಂಡದ್ದು: ನಿನ್ನೆ ಪಾಸ್ಟರು ಹೊಲಿಗೆ ಬಿಟ್ಟ ಶೂ ಕೊಡಲು ಬಂದಿದ್ದರು. ಶೂವಿನೊಳಗೆ ಒಂದು ಕಾಗದ ಮಡಚಿಟ್ಟಿದ್ದರು. ನನ್ನ ಚೀಟಿ. ಡಬ್ಬೀಲಿ ಇದ್ದದ್ದು ಹನ್ನೊಂದು, ನಿನ್ನ ಕೈಯಿಂದ ಬಂದದ್ದು ಹನ್ನೆರಡು, ಹನ್ನೆರಡು ಇದ್ದ ಕಡೆ ಒಂದು ತೊಂದರೆ ಕೊಟ್ಟೇ ಕೊಡುತ್ತಮ್ಮಾ, ಯೇಸುವಿನ ಹನ್ನೆರಡು ಜನ ಶಿಷ್ಯರಲ್ಲೇ ಒಬ್ಬ ಅವರನ್ನ ಹಿಡಿದುಕೊಟ್ಟನಲ್ಲ ಅಂದರು. ನಾನು ಬರೆದ ಮೊದಲ ಸಾಲನ್ನು ಅವರು ಇದ್ದ ಹಾಗೇ ಓದಿದ್ದರು. ಎರಡನೆಯ ಸಾಲಿನಲ್ಲಿ ನಾನು ಬರೆದದ್ದು, ಕರ್ತನೇ, ಇದು ನಡೆಯದ ಹಾಗೆ ಮಾಡು ಎಂದು. ಕೇಳಿದ್ದಕ್ಕೆ, ಕಣ್ಣಲ್ಲಿ ಪೊರೆ ನೋಡು, ಕೊನೇ ಸಾಲು ಕಾಣಲಿಲ್ಲ, ಅಲ್ಲಿ ಏನಿರಬೇಕೋ ಅದನ್ನ ಓದಿಬಿಟ್ಟೆ ಅಂದರು. ಅಮ್ಮ, ಆ ಸಾಲನ್ನು ನಾನು ಬೇರೆಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ. ಚೀಟಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಓದಿ ಬೇಸರವಾದರೆ ಬೈದು ಬರೆ. ಹರಿಯಬೇಡ, ಹಿಂಬದಿ ಖಾಲಿ ಇದೆ, ಅವರ ಕಾಲಿನ ಅಳತೆಯನ್ನು ಅದರಲ್ಲೇ ಬರೆದು ಕಳುಹಿಸು.